ಉದ್ಯಮ ಶಿಕ್ಷಣವೂ ಮಲೆನಾಡಿನ ವಿದ್ಯಾವಂತ ತರುಣರೂ

(ಮೇಳಿಗೆ ಸೀಮೆಯಲ್ಲಿ ಸಂಚಾರದಲ್ಲಿರುವ ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳ ಅಡಿಕೆ ಸೀಮೆಯ ಭೂಮಾಲೀಕರು ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಎಂದೂ ಹಿಂದೆಗೆದವರಲ್ಲ. ಎರಡೆಕರೆ ತೋಟವುಳ್ಳ ಗೃಹಸ್ಥರು ಸಹ ಸಾಲ ಮಾಡಿಯಾದರೂ ಮಗನನ್ನೋ ಮಗಳನ್ನೋ ಶಿವಮೊಗ್ಗೆಗೆ, ಮಂಗಳೂರಿಗೆ, ಬೆಂಗಳೂರಿಗೆ ಕಳುಹಿಸಿ ಪದವಿಯವರೆಗೆ ಓದಿಸುವರು. ಆದರೆ ಪದವಿ ಪಡೆದ ಮೇಲೆ ಆ ಮಕ್ಕಳು ಮನೆಗೆ ಮರಳುವುದು ಅಪರೂಪವಾಗಿದೆ. ಮೇಳಿಗೆಯ ಸುತ್ತಣ ಗ್ರಾಮಗಳಲ್ಲಿ ಸಂಚಾರ ಮಾಡುವಾಗ, ಐವತ್ತು ಜನರಿಗೆ ಎಲೆ ಹಾಕಬಹುದಾದ ಜಗಲಿಯುಳ್ಳ ಮನೆಗಳಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಉಳಿದಿರುವುದನ್ನು ನಾನು ಅನೇಕ ಕಡೆ ಕಂಡಿರುವೆನು. ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದರೆ ಔಷಧ ಹೊಡೆಯಿಸಲು ಓಡಾಡುವ ಪ್ರಾಯದವರು ಮನೆಯಲ್ಲಿಲ್ಲ; ಕೊನೆಗಾರರು ಸಕಾಲದಲ್ಲಿ ದೊರೆಯರು; ಒಂದೇ ಬೆಳೆಯನ್ನು ನೆಚ್ಚಿದ ಸಂಸಾರಕ್ಕೆ ಧಾರಣೆ ಇಳಿದ ವರ್ಷ ಬೇರೆ ಆಧಾರವಿಲ್ಲ.

ಇಂಥ ಸಮಯದಲ್ಲಿ ವಿಶ್ವವಿದ್ಯಾನಿಲಯಗಳು ಉದ್ಯಮಶೀಲತೆಯೆಂಬ ವಿಷಯವನ್ನು ಪಾಠಕ್ರಮದಲ್ಲಿ ಸೇರಿಸಿಕೊಂಡಿರುವುವು. ಪರರ ಕೈಕೆಳಗೆ ಕೆಲಸವನ್ನು ಹುಡುಕದೆ ತಾನೇ ಬಂಡವಾಳವನ್ನು ಕೂಡಿಸಿ ಒಂದು ಕಸುಬನ್ನು ಹೂಡಿ ನಡೆಯಿಸುವ ಶಕ್ತಿಗೆ ಉದ್ಯಮಶೀಲತೆಯೆಂದು ಹೆಸರು. “ಇದನ್ನು ಓದಿದರೆ ನಮ್ಮ ಹುಡುಗರಿಗೆ ಊರಿನಲ್ಲಿದ್ದು ಏನಾದರೂ ಮಾಡಬೇಕೆಂಬ ಮನಸ್ಸು ಬರುವುದೇ?” ಎಂದು ಗ್ರಾಮದ ಮುಖಂಡರು ಅನೇಕ ವೇಳೆ ವಿಚಾರಿಸಿರುವರು. ಪ್ರಶ್ನೆಯು ಯುಕ್ತವಾದುದು. ಇದಕ್ಕೆ ಹೌದೆಂದಾಗಲಿ ಇಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸರಿಯಾಗಲಾರದು. ಆದಕಾರಣ ಈ ವಿಷಯದಲ್ಲಿ ತಿಳಿದುಬಂದಿರುವ ಅಂಶಗಳನ್ನೂ, ಭೂಮಾಲೀಕರ ಪಾಲಿಗೆ ಬರುವ ಕರ್ತವ್ಯವನ್ನೂ ಇಲ್ಲಿ ಕ್ರಮವಾಗಿ ನಿರೂಪಿಸುವೆನು.

೧. ವ್ಯವಸಾಯ ವಿದ್ಯೆಯು ನಡೆದುಬಂದ ದಾರಿ

ನಮ್ಮ ನಾಡಿನಲ್ಲಿ ವ್ಯವಸಾಯ ವಿದ್ಯೆಯ ಮೂಲಸ್ಥಾನವು ಬೆಂಗಳೂರಿನ ಹೆಬ್ಬಾಳ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಡಿಸಿದ ಮೂವತ್ತು ಎಕರೆ ಭೂಮಿಯಲ್ಲಿ ಪ್ರಯೋಗ ಕ್ಷೇತ್ರವೂ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ವ್ಯವಸಾಯ ಶಾಲೆಯೂ ಅಲ್ಲಿ ಆರಂಭವಾದುವು. ವ್ಯವಸಾಯದ ಲೈಸೆನ್ಷಿಯೇಟ್ ಎಂಬ ಯೋಗ್ಯತಾಪತ್ರವನ್ನು ಕೊಡುತ್ತಿದ್ದುದು ಆ ಶಾಲೆಯೇ. ೧೯೪೬ರಲ್ಲಿ ಹೆಬ್ಬಾಳದಲ್ಲಿ ಪದವಿ ಕಾಲೇಜು ಸ್ಥಾಪಿತವಾಯಿತು. ೧೯೬೪ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವೂ, ೧೯೮೬ರಲ್ಲಿ ಧಾರವಾಡದ ವಿಶ್ವವಿದ್ಯಾನಿಲಯವೂ ನೆಲೆಗೊಂಡುವು. ಶಿವಮೊಗ್ಗೆಯ ನವಿಲೆಯಲ್ಲಿ ೧೯೯೦ರಲ್ಲಿ ಕೃಷಿ ಕಾಲೇಜು ತೆರೆಯಿತು. ೨೦೧೨ರಲ್ಲಿ ಶಿವಮೊಗ್ಗೆಗೇ ಪ್ರತ್ಯೇಕವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯವು ಮಂಜೂರಾಗಿ, ಮುಂದೆ ಅದಕ್ಕೆ ಕೆಳದಿಯ ಶಿವಪ್ಪ ನಾಯಕನ ಹೆಸರನ್ನಿಡಲಾಯಿತು. ಅದರ ಕೇಂದ್ರವು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಹೀಗೆ ಹಿಂದೆ ಬೆಂಗಳೂರಿಗೆ ಹೋಗಿ ಕಲಿಯಬೇಕಾಗಿದ್ದ ವಿದ್ಯೆಯು ಈಗ ನಮ್ಮ ಮನೆಯ ಬಾಗಿಲಿಗೇ ಬಂದಿರುವುದು.

ಆದರೆ ಬಹುಕಾಲ ಈ ವಿದ್ಯೆಯ ಗುರಿಯು ಇಲಾಖೆಗೆ ಬೇಕಾದ ನೌಕರರನ್ನು ಸಿದ್ಧಪಡಿಸುವುದೇ ಆಗಿದ್ದಿತು. ಆಗಿನ ಕಾಲಕ್ಕೆ ಅದು ಅವಶ್ಯವೂ ಆಗಿದ್ದಿತು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟದಿಂದ ತೋಟಕ್ಕೆ ಹೋಗಿ ಹೊಡೆದು ತೋರಿಸುವವರು ಬೇಕಾಗಿದ್ದರು. ಇದರಿಂದಾದ ಪರಿಣಾಮವೇನೆಂದರೆ, ವ್ಯವಸಾಯ ಓದಿದವನು ಸರ್ಕಾರದ ಕೆಲಸಕ್ಕೋ, ಈಚೆಗೆ ಬ್ಯಾಂಕಿನ ಕೆಲಸಕ್ಕೋ ಸೇರುವುದೇ ಸಹಜವೆಂಬ ಭಾವನೆಯು ವಿದ್ಯಾರ್ಥಿಗಳಲ್ಲಿಯೂ ಅವರ ತಂದೆತಾಯಿಗಳಲ್ಲಿಯೂ ಬೇರೂರಿತು. ಈಗ ಪದವೀಧರರ ಸಂಖ್ಯೆಯು ಖಾಲಿಯಾಗುವ ಹುದ್ದೆಗಳ ಸಂಖ್ಯೆಯನ್ನು ಬಹುವಾಗಿ ಮೀರಿದೆ. ಭಾವನೆಯು ಮಾತ್ರ ಇದ್ದಂತೆಯೇ ಇದೆ.

೨. ಈಗ ಕಲಿಸುತ್ತಿರುವ ಕ್ರಮ

ಉದ್ಯಮ ನಡೆಯಿಸುವುದನ್ನು ತರಗತಿಯಲ್ಲಿ ಕಲಿಸಬಹುದೆಂಬ ಅಭಿಪ್ರಾಯವು ಹೊಸದು. ಅಮೆರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೈಲ್ಸ್ ಮೇಸ್ ಎಂಬ ಅಧ್ಯಾಪಕರು ೧೯೪೭ರಲ್ಲಿ ಇಂಥ ಪಾಠವನ್ನು ಆರಂಭಿಸಿದುದು ಈ ಬಗೆಯ ಪ್ರಯತ್ನಗಳಲ್ಲಿ ಮೊದಲನೆಯದೆಂದು ಎಣಿಸುವರು. ಯುದ್ಧದಿಂದ ಹಿಂದಿರುಗಿದ ತರುಣರಿಗೆ ಆಗ ಜೀವನೋಪಾಯ ಬೇಕಾಗಿದ್ದಿತು.

ನಮ್ಮ ದೇಶದಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಲಿಯವರು ೨೦೧೫ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯನ್ನು ಕೃಷಿ ಕಾಲೇಜುಗಳಿಗೆ ಗೊತ್ತುಮಾಡಿದರು. ಗ್ರಾಮೀಣ ಉದ್ಯಮಶೀಲತೆಯ ಅರಿವನ್ನು ಬೆಳೆಸುವುದು ಅದರ ಉದ್ದೇಶ. ನಾಲ್ಕು ವರ್ಷಗಳ ಪದವಿಯ ಕಡೆಯ ವರ್ಷವು ಬಹುತೇಕ ಇದಕ್ಕೇ ಮೀಸಲು. ಅದರಲ್ಲಿ ವಾಚಕರು ಗಮನಿಸಬೇಕಾದ ಭಾಗಗಳು ಎರಡು.

ಮೊದಲನೆಯದು ಗ್ರಾಮವಾಸ. ವಿದ್ಯಾರ್ಥಿಗಳು ತಂಡತಂಡವಾಗಿ ಒಂದು ಗ್ರಾಮದಲ್ಲಿ ಕೆಲವು ವಾರಗಳ ಕಾಲ ತಂಗಿ, ಒಬ್ಬೊಬ್ಬ ರೈತರ ಜೊತೆಗೆ ಗದ್ದೆ ತೋಟಗಳಲ್ಲಿ ಓಡಾಡಿ, ಗ್ರಾಮದ ನಕ್ಷೆಯನ್ನು ರಂಗೋಲಿಯಿಂದ ನೆಲದ ಮೇಲೆ ಬರೆದು, ಬೀಜೋಪಚಾರ, ಮಣ್ಣು ಪರೀಕ್ಷೆ ಮೊದಲಾದುವನ್ನು ತೋರಿಸುವುದನ್ನು ನೀವೆಲ್ಲರೂ ನೋಡಿರಬಹುದು. ಎರಡನೆಯದು ಅನುಭವ ಶಿಕ್ಷಣ. ಇದರಲ್ಲಿ ಅಣಬೆ ಬೆಳೆ, ಜೇನು ಸಾಕಣೆ, ಬೀಜೋತ್ಪಾದನೆ, ಜೈವಿಕ ಗೊಬ್ಬರ, ಕೋಳಿ ಸಾಕಣೆ, ಹಣ್ಣು ತರಕಾರಿಗಳ ಸಂಸ್ಕರಣೆ ಮೊದಲಾದ ಕಸುಬುಗಳಲ್ಲಿ ಯಾವುದನ್ನಾದರೂ ವಿದ್ಯಾರ್ಥಿಗಳ ತಂಡವು ಕೈಗೆತ್ತಿಕೊಂಡು, ಪದಾರ್ಥವನ್ನು ತಾವೇ ತಯಾರಿಸಿ, ತಾವೇ ಮಾರಿ, ಜಮಾಖರ್ಚನ್ನು ತಾವೇ ಬರೆಯಬೇಕು. ೨೦೨೪ರಲ್ಲಿ ಹೊರಬಂದ ಆರನೆಯ ಡೀನರ ಸಮಿತಿಯ ಪಾಠಕ್ರಮದಲ್ಲಿ ಇಂಥ ಕೈಕೆಲಸದ ಪಾಠಗಳನ್ನು ಮೊದಲನೆಯ ವರ್ಷದಿಂದಲೇ ಸೇರಿಸಿರುವರು.

೩. ಪಾಠದಿಂದ ಇಚ್ಛೆ ಹುಟ್ಟುವುದೇ?

ಈ ವಿಷಯದಲ್ಲಿ ಹೊರದೇಶಗಳ ವಿದ್ವಾಂಸರು ಎಚ್ಚರಿಕೆಯಿಂದ ನಡೆಯಿಸಿರುವ ಪರೀಕ್ಷೆಗಳು ಕೆಲವುಂಟು. ಅವುಗಳ ಫಲಗಳು ಒಂದೇ ತೆರನಾಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲಂಡನ್ ಮತ್ತು ಫ್ರಾನ್ಸ್ ದೇಶದ ಗ್ರನೋಬಲ್ ನಗರಗಳಲ್ಲಿ ವಿಜ್ಞಾನ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಪಾಠಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ ಪ್ರಶ್ನಿಸಿ, ೨೦೦೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಾಠವನ್ನು ಕೇಳಿದವರಲ್ಲಿ ಸ್ವಂತ ಉದ್ಯಮದ ಸಂಕಲ್ಪವು ಹೆಚ್ಚಿತೆಂದು ತೋರಿಬಂದಿತು. ಇದಕ್ಕೆ ಕಾರಣವಾದುದು ಪುಸ್ತಕದ ಜ್ಞಾನಕ್ಕಿಂತ ಹೆಚ್ಚಾಗಿ, ಪಾಠದ ಅವಧಿಯಲ್ಲಿ ಯಾರದೋ ಮಾತಿನಿಂದಲೋ ಯಾವುದೋ ಘಟನೆಯಿಂದಲೋ ಮನಸ್ಸಿಗೆ ಉಂಟಾದ ಸ್ಫೂರ್ತಿಯೆಂದು ಆ ವಿದ್ವಾಂಸರು ಕಂಡುಕೊಂಡರು.

ಇದಕ್ಕೆ ವಿರೋಧವಾದ ಫಲವು ಹಾಲೆಂಡ್ ದೇಶದಲ್ಲಿ ದೊರೆಯಿತು. ಅಲ್ಲಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಂಡಗಳಾಗಿ ಸಣ್ಣ ಕಂಪೆನಿಯನ್ನು ಸ್ಥಾಪಿಸಿ, ಷೇರುಗಳನ್ನು ಮಾರಿ, ಪದಾರ್ಥವನ್ನು ತಯಾರಿಸಿ ವಿಕ್ರಯಿಸಿ, ವರ್ಷದ ಕಡೆಯಲ್ಲಿ ಲೆಕ್ಕ ತೀರಿಸಬೇಕೆಂಬ ಕಡ್ಡಾಯದ ಪಾಠವಿದ್ದಿತು. ಅದೇ ಕಾಲೇಜಿನ ಇನ್ನೊಂದು ಊರಿನ ಶಾಖೆಯಲ್ಲಿ ಆ ಪಾಠವಿರಲಿಲ್ಲ. ಎರಡನ್ನೂ ಹೋಲಿಸಿ ೨೦೧೦ರಲ್ಲಿ ಪ್ರಕಟಿಸಿದ ಫಲವೇನೆಂದರೆ, ಪಾಠ ಪಡೆದವರಲ್ಲಿ ಉದ್ಯಮ ಹೂಡುವ ಇಚ್ಛೆಯು ಹೆಚ್ಚುವುದಕ್ಕೆ ಬದಲಾಗಿ ಇಳಿದಿತ್ತು! ಅದೇ ವರ್ಷ ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಿಂದ ಬಂದ ವರದಿಯಲ್ಲಿಯೂ ಒಟ್ಟಿನ ಇಚ್ಛೆಯು ಸ್ವಲ್ಪ ಇಳಿದಿದ್ದಿತು; ಆದರೆ ತಮ್ಮ ಸಾಮರ್ಥ್ಯವು ಹೆಚ್ಚಿತೆಂದು ವಿದ್ಯಾರ್ಥಿಗಳು ತಿಳಿಸಿದ್ದರು. ಕಡೆಗೆ ೨೦೧೪ರಲ್ಲಿ ಇಂಥ ೭೩ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡಿದವರಿಗೆ, ಶಿಕ್ಷಣಕ್ಕೂ ಇಚ್ಛೆಗೂ ಸಂಬಂಧವುಂಟಾದರೂ ಅದು ಅಲ್ಪವೆಂದೂ, ಕಾಲೇಜಿಗೆ ಬರುವ ಮೊದಲೇ ವಿದ್ಯಾರ್ಥಿಯ ಮನಸ್ಸಿನಲ್ಲಿದ್ದ ಇಚ್ಛೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಅಲ್ಪವೂ ಗಣನೆಗೆ ನಿಲ್ಲುವುದಿಲ್ಲವೆಂದೂ ಕಂಡುಬಂದಿತು.

ಇದನ್ನು ಓದಿ ‘ಹಾಗಾದರೆ ಪಾಠವೇ ವ್ಯರ್ಥ’ ಎಂದು ವಾಚಕರು ತೀರ್ಮಾನಿಸಕೂಡದು. ಬಿತ್ತನೆಯ ಬತ್ತವನ್ನು ಉಪ್ಪುನೀರಿಗೆ ಹಾಕಿದಾಗ ಜೊಳ್ಳು ಮೇಲಕ್ಕೆ ತೇಲಿ, ಗಟ್ಟಿಕಾಳು ತಳದಲ್ಲಿ ನಿಲ್ಲುವುದಷ್ಟೆ. ಉಪ್ಪುನೀರು ಒಂದು ಕಾಳನ್ನೂ ಹೊಸದಾಗಿ ಹುಟ್ಟಿಸಲಿಲ್ಲ. ನೋಟಕ್ಕೆ ರಾಶಿಯು ಕಡಿಮೆಯೇ ಆಯಿತು. ಆದರೂ ಆ ಕೆಲಸವನ್ನು ಮಾಡದೆ ಸಸಿಮಡಿಗೆ ಬಿತ್ತುವವನು ಜಾಣನಲ್ಲ. ಉದ್ಯಮ ಶಿಕ್ಷಣವು ಮಾಡುವ ಕೆಲಸವೂ ಇಂಥದೇ. ಮಾತಿನಲ್ಲಿ ಮಾತ್ರ ಇದ್ದ ಆಸೆಯು ಲೆಕ್ಕವನ್ನು ಬರೆಯುವ ವೇಳೆಗೆ ಕರಗುವುದು; ನಿಜವಾದ ಆಸಕ್ತಿಯು ಉಳಿಯುವುದು. ಉಪಮಾನವನ್ನು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಉದ್ಯಮವು ತನಗೆ ಒಗ್ಗದೆಂದು ಅರಿತ ವಿದ್ಯಾರ್ಥಿಯು ಜೊಳ್ಳೇನೂ ಅಲ್ಲ. ಅವನು ಒಳ್ಳೆಯ ಅಧ್ಯಾಪಕನೋ ಅಧಿಕಾರಿಯೋ ಆಗಬಹುದು. ಕಾಲೇಜಿನಲ್ಲಿ ಐದಾರು ಮಂದಿ ಹಂಚಿಕೊಳ್ಳುವ ಸಣ್ಣ ನಷ್ಟದಿಂದ ಆ ಅರಿವು ಬಂದರೆ ಅದು ಬಹು ಅಗ್ಗದ ಅರಿವು. ಅದೇ ಅರಿವು ತಂದೆಯ ತೋಟವನ್ನು ಅಡವಿಟ್ಟು ತಂದ ಸಾಲವು ಮುಳುಗಿದ ಮೇಲೆ ಬಂದರೆ, ಆ ಸಂಸಾರವು ಚೇತರಿಸಿಕೊಳ್ಳುವುದಕ್ಕೆ ಒಂದು ತಲೆಮಾರು ಹಿಡಿಯುವುದು.

೪. ಇಚ್ಛೆಯ ಮೂರು ಆಧಾರಗಳು

ಹಾಗಾದರೆ ಸಂಕಲ್ಪವು ಯಾವುದರ ಮೇಲೆ ನಿಂತಿರುವುದು? ಮನಶ್ಶಾಸ್ತ್ರಜ್ಞರಾದ ಐಸೆಕ್ ಐಜೆನ್ ಎಂಬುವರು ೧೯೯೧ರಲ್ಲಿ ವಿವರಿಸಿದ ಸಿದ್ಧಾಂತವನ್ನು ಈ ವಿಷಯದ ಅಧ್ಯಯನಗಳಲ್ಲಿ ಹೆಚ್ಚಾಗಿ ಅನುಸರಿಸುವರು. ಅದರ ಪ್ರಕಾರ ಮನುಷ್ಯನು ಯಾವ ಕೆಲಸವನ್ನು ಮಾಡಲು ಸಂಕಲ್ಪಿಸಬೇಕಾದರೂ ಮೂರು ಆಧಾರಗಳಿರಬೇಕು. ಒಂದು, ಆ ಕೆಲಸವು ಒಳ್ಳೆಯದೆಂಬ ತನ್ನ ಅಭಿಪ್ರಾಯ. ಎರಡು, ತಾನು ಗೌರವಿಸುವ ಜನರು ಅದನ್ನು ಒಪ್ಪುವರೆಂಬ ನಂಬಿಕೆ. ಮೂರು, ಅದು ತನ್ನ ಕೈಲಾಗುವುದೆಂಬ ಧೈರ್ಯ.

ಈ ಮೂರರಲ್ಲಿ ಮೊದಲನೆಯದನ್ನು ಅಧ್ಯಾಪಕರು ಬೆಳೆಸಬಲ್ಲರು. ಮೂರನೆಯದನ್ನು ಅನುಭವ ಶಿಕ್ಷಣವು ತಕ್ಕಮಟ್ಟಿಗೆ ಕೊಡಬಲ್ಲುದು. ಎರಡನೆಯದು ಮಾತ್ರ ಯಾವ ವಿಶ್ವವಿದ್ಯಾನಿಲಯದ ವಶದಲ್ಲಿಯೂ ಇಲ್ಲ. ಅದು ಮನೆಯ ಹಿರಿಯರ ವಶದಲ್ಲಿದೆ.

ಕೃಷಿ ಪದವಿಯ ಕಡೆಯ ವರ್ಷದಲ್ಲಿದ್ದ ಮಗನು ರಜೆಗೆ ಬಂದಿದ್ದಾಗ, ನಾನು ಒಂದು ಮನೆಯಲ್ಲಿ ಕುಳಿತಿದ್ದೆನು. “ಅಪ್ಪಯ್ಯ, ಹಿತ್ತಿಲ ಕೊಟ್ಟಿಗೆ ಖಾಲಿ ಇದೆಯಲ್ಲ, ಅಲ್ಲಿ ಅಣಬೆ ಮಾಡಿ ನೋಡಲೇ?” ಎಂದು ಹುಡುಗನು ಕೇಳಿದನು. “ನಾಲ್ಕು ವರ್ಷ ಓದಿಸಿದ್ದು ಪೇಟೆಯಲ್ಲಿ ಅಣಬೆ ಮಾರಲಿಕ್ಕಾ?” ಎಂದು ತಂದೆಯವರು ನಕ್ಕುಬಿಟ್ಟರು. ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಮಗನು ಬಿಸಿಲಿನಲ್ಲಿ ಅಲೆಯದೆ ನೆರಳಿನ ಕೆಲಸದಲ್ಲಿರಲಿ ಎಂಬ ಪ್ರೀತಿಯೇ ಇದ್ದಿತು. ಆದರೆ ಹುಡುಗನು ಆ ಪ್ರಸ್ತಾಪವನ್ನು ಮತ್ತೆ ಎತ್ತಲಿಲ್ಲ. ಹಲವು ತಿಂಗಳ ಪಾಠದಿಂದ ಕಟ್ಟಿದುದು ಒಂದು ನಗೆಯಿಂದ ಕುಸಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತರಬೇತಿಗೂ ಸುತ್ತಲಿನ ಸ್ಥಿತಿಗೂ ಇರುವ ಸಂಬಂಧವನ್ನು ನಮ್ಮ ದೇಶದ್ದೇ ಒಂದು ಪ್ರಯೋಗವು ತೋರಿಸಿಕೊಡುವುದು. ೧೯೬೪ರಲ್ಲಿ ಅಮೆರಿಕಾದ ಪ್ರೊಫೆಸರ್ ಡೇವಿಡ್ ಮೆಕ್ಲೆಲೆಂಡ್‌ರವರು ಆಂಧ್ರದ ಕಾಕಿನಾಡದ ವರ್ತಕರನ್ನೂ ಸಣ್ಣ ಕೈಗಾರಿಕೆಗಳವರನ್ನೂ ಹೈದರಾಬಾದಿನ ತರಬೇತಿ ಸಂಸ್ಥೆಗೆ ಕರೆಸಿ, ಕೆಲವೇ ದಿನಗಳ ಪಾಠವನ್ನು ಕೊಡಿಸಿದರು. ಕೈಗೆಟಕುವ ಗುರಿಯನ್ನಿಟ್ಟುಕೊಂಡು ಅದನ್ನು ಸಾಧಿಸುವ ಹಟವನ್ನು ಬೆಳೆಸುವುದೇ ಆ ಪಾಠದ ಸಾರ. ಮುಂದೆ ವಿಚಾರಿಸಿದಾಗ, ಪಾಠಕ್ಕೆ ಬಾರದವರಿಗಿಂತ ಬಂದವರು ವ್ಯಾಪಾರವನ್ನು ಹೆಚ್ಚು ಚುರುಕಾಗಿ ವಿಸ್ತರಿಸಿದ್ದರು. ಆ ವರ್ತಕರು ಊರಿಗೆ ಹಿಂದಿರುಗಿದಾಗ ಅವರವರ ಅಂಗಡಿಯೂ ಕಾರ್ಖಾನೆಯೂ ಕಾದಿದ್ದುವೆಂಬುದನ್ನು ಮರೆಯಬಾರದು. ಕಲಿತುದನ್ನು ಮರುದಿನವೇ ಆಚರಣೆಗೆ ತರಲು ಅವರಿಗೆ ಸ್ಥಳವಿದ್ದಿತು. ನಮ್ಮ ವಿದ್ಯಾರ್ಥಿಯು ಕಾಲೇಜನ್ನು ಬಿಟ್ಟು ಬಂದಾಗ ಅವನಿಗೆ ಅಂಥ ಸ್ಥಳವಿರುವುದಿಲ್ಲ. ತೋಟವು ತಂದೆಯದು, ಪಾಸ್‌ಬುಕ್ಕು ತಂದೆಯದು, ಮಾತು ಅಜ್ಜನದು.

೫. ನಮ್ಮ ಸೀಮೆಯ ಮೂರು ಪದಾರ್ಥಗಳು

ಮಲೆನಾಡಿನವರಿಗೆ ವ್ಯಾಪಾರ ಬುದ್ಧಿಯಿಲ್ಲವೆಂಬ ಮಾತು ನಿಜವಲ್ಲ. ಅಡಿಕೆ ಬೆಳೆಗಾರರು ೧೯೩೯ರಲ್ಲಿಯೇ ಶಿವಮೊಗ್ಗೆಯಲ್ಲಿ ತಮ್ಮದೇ ಮಾರಾಟದ ಸಹಕಾರ ಸಂಘವನ್ನು ಕಟ್ಟಿಕೊಂಡರು. ಮ್ಯಾಮ್ಕೋಸ್ ಎಂಬ ಹೆಸರಿನಿಂದ ಅದು ಎಲ್ಲರಿಗೂ ಪರಿಚಿತವಾಗಿದೆ. ಈಗ ಬೇಕಾದುದು ಅಡಿಕೆಯ ಜೊತೆಗೆ ಸೇರುವ ಸಣ್ಣ ಕಸುಬು. ಅಂಥ ಕಸುಬುಗಳಲ್ಲಿ ವಿದ್ಯಾರ್ಥಿಯು ಕಲಿಯಬೇಕಾದ ಪಾಠವು ಎಲ್ಲಿ ಅಡಗಿದೆಯೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡುವೆನು.

(ಅ) ಅಡಿಕೆ ಹಾಳೆಯ ತಟ್ಟೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೫೪೦ ಮರಗಳಾಗುವುವು. ಮರವೊಂದಕ್ಕೆ ವರ್ಷಕ್ಕೆ ಐದಾರು ಹಾಳೆಯಂತೆ ಹಿಡಿದರೆ ಎಕರೆಗೆ ೨,೭೦೦ರಿಂದ ೩,೨೦೦ ಹಾಳೆಗಳು ಬೀಳುವುವು. ಹಾಳೆಯನ್ನು ತೊಳೆದು, ನೆನೆಹಾಕಿ, ಕಾದ ಅಚ್ಚಿನಲ್ಲಿಟ್ಟು ಒತ್ತಿದರೆ ತಟ್ಟೆಯಾಗುವುದು. ಇಷ್ಟನ್ನು ಯಾರಾದರೂ ಹೇಳಿಕೊಡುವರು. ಆದರೆ ಮಳೆಗೆ ಸಿಕ್ಕಿದ ಹಾಳೆಯು ಬೂಷ್ಟು ಹಿಡಿದು ಕಪ್ಪಾಗುವುದರಿಂದ, ಒಳ್ಳೆಯ ಹಾಳೆಯು ದೊರೆಯುವುದು ಬೇಸಗೆಯಲ್ಲಿ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿಯೂ ಯಂತ್ರವು ನಡೆಯಬೇಕಾದರೆ ಆ ತಿಂಗಳುಗಳಿಗೆ ಬೇಕಾದ ಹಾಳೆಯನ್ನು ಬೇಸಗೆಯಲ್ಲಿಯೇ ಹಣ ಕೊಟ್ಟು ಕೊಂಡು ಒಣಗಿದ ಉಗ್ರಾಣದಲ್ಲಿ ತುಂಬಿಡಬೇಕು. ಯಂತ್ರಕ್ಕೆ ಸಾಲ ತಂದು, ಹಾಳೆಯ ಸಂಗ್ರಹಕ್ಕೆ ಹಣವಿಟ್ಟುಕೊಳ್ಳದವನ ಯಂತ್ರವು ಆಷಾಢದಲ್ಲಿ ನಿಲ್ಲುವುದು. ಬಡ್ಡಿಯು ಮಾತ್ರ ನಿಲ್ಲದು. ಮೇಲಾಗಿ ೨೦೨೫ರಲ್ಲಿ ಅಮೆರಿಕಾದ ಆಹಾರ ಮತ್ತು ಔಷಧ ಆಡಳಿತದವರು ಅಡಿಕೆ ಹಾಳೆಯ ತಟ್ಟೆಗಳ ವಿಷಯದಲ್ಲಿ ಆಕ್ಷೇಪವೆತ್ತಿ ಆಮದಿಗೆ ತಡೆಯೊಡ್ಡಿದರು. ದೂರದ ಒಂದೇ ಗಿರಾಕಿಯನ್ನು ನಂಬಿಕೊಂಡರೆ ಆಗುವ ಅಪಾಯವನ್ನು ಇದರಿಂದ ಅರಿಯಬಹುದು.

(ಆ) ಅಣಬೆ. ಬತ್ತದ ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಶುದ್ಧಿಮಾಡಿ, ಬೀಜವನ್ನು ಬೆರೆಸಿ ಚೀಲಕ್ಕೆ ತುಂಬಿದರೆ, ಚಿಪ್ಪಣಬೆಯು ಹೆಚ್ಚು ಕಡಮೆ ಒಂದು ತಿಂಗಳಲ್ಲಿ ಮೊದಲನೆಯ ಕೊಯ್ಲಿಗೆ ಬರುವುದು. ನಮ್ಮ ಸೀಮೆಯ ತಂಪು ಹವೆಯು ಇದಕ್ಕೆ ಅನುಕೂಲವೇ ಸರಿ. ಕಷ್ಟವಿರುವುದು ಮಾರಾಟದಲ್ಲಿ. ಕೊಯ್ದ ಅಣಬೆಯು ಒಂದೆರಡು ದಿನಗಳಿಗಿಂತ ಹೆಚ್ಚು ತಾಳದು. ನೂರು ಚೀಲಗಳನ್ನು ಒಂದೇ ದಿನ ತುಂಬಿದರೆ ನೂರೂ ಒಂದೇ ವಾರದಲ್ಲಿ ಬಿರಿದು, ತೀರ್ಥಹಳ್ಳಿಯ ಪೇಟೆಯಲ್ಲಿ ಕೊಳ್ಳುವವರಿಲ್ಲದೆ ಗೊಬ್ಬರದ ಗುಂಡಿಗೆ ಸೇರುವುವು. ಅದನ್ನೇ ವಾರಕ್ಕೆ ಇಷ್ಟು ಚೀಲಗಳೆಂದು ಸರದಿಯ ಮೇಲೆ ತುಂಬಿದವನು ದಿನವೂ ಸ್ವಲ್ಪ ಸ್ವಲ್ಪ ಮಾರಿ ಗಿರಾಕಿಯನ್ನು ಉಳಿಸಿಕೊಳ್ಳುವನು. ಈ ಪಾಠವನ್ನು ಓದಿ ಕಲಿಯುವುದು ಕಷ್ಟ. ಒಮ್ಮೆ ಮಾಲು ಉಳಿದವನು ಮರೆಯಲಾರನು.

(ಇ) ಅಪ್ಪೆಮಿಡಿ. ಸಾಗರ, ಹೊಸನಗರ ಕಡೆಯ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಹೊಗಳಬೇಕಾದ ಅವಶ್ಯಕತೆಯಿಲ್ಲ. ೨೦೦೯ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಬಹುಕಾಲ ಕೆಡದು; ಆದಕಾರಣ ಅಣಬೆಯ ಅವಸರವು ಇದಕ್ಕಿಲ್ಲ. ಆದರೆ ಹೊಳೆದಂಡೆಯ ಹಳೆಯ ಮರಗಳು ಪ್ರತಿವರ್ಷವೂ ಒಂದೇ ಸಮನೆ ಫಲ ಕೊಡವು. ಕಸುಬನ್ನು ನಿಜವಾಗಿ ಹೂಡುವವನು ಆಯ್ದ ಮರಗಳಿಂದ ಕಸಿಮಾಡಿದ ಗಿಡಗಳನ್ನು ಈಗಲೇ ನೆಟ್ಟು, ಅವು ಫಲಕ್ಕೆ ಬರುವವರೆಗೆ ಕಾಯಬೇಕು. ಈ ಕಾಯುವಿಕೆಗೆ ತಂದೆಯ ಭೂಮಿಯೂ ತಂದೆಯ ತಾಳ್ಮೆಯೂ ಬೇಕು.

೬. ಗ್ರಾಮದ ಮುಖಂಡರೂ ಭೂಮಾಲೀಕರೂ ಮಾಡಬಹುದಾದುದು

೧. ವಿದ್ಯಾರ್ಥಿಗಳು ಗ್ರಾಮವಾಸಕ್ಕೆ ಬಂದಾಗ ಊಟ ವಸತಿಗಳ ಉಪಚಾರದಿಂದ ತೃಪ್ತರಾಗದೆ, ನಿಮ್ಮ ತೋಟದ ಲೆಕ್ಕವನ್ನೂ ಅವರ ಮುಂದೆ ಇಡಿರಿ. ಕೊನೆ ತೆಗೆಸಿದುದು, ಸುಲಿಸಿದುದು, ಔಷಧ, ಗೊಬ್ಬರ, ಬಡ್ಡಿ, ಮಾರಿದ ಧಾರಣೆ, ಇವೆಲ್ಲವೂ ಅದರಲ್ಲಿರಲಿ. ಲಾಭದ ವರ್ಷದ ಜೊತೆಗೆ ನಷ್ಟದ ವರ್ಷವನ್ನೂ ತೋರಿಸಿರಿ. ಕಾಲೇಜಿನಲ್ಲಿ ದೊರೆಯದ ಪುಸ್ತಕವದು.

೨. ನಿಮ್ಮ ಮಗನಾಗಲಿ ಮಗಳಾಗಲಿ ಒಂದು ಕಸುಬನ್ನು ಮಾಡಿನೋಡುವೆನೆಂದರೆ, ಹತ್ತು ಗುಂಟೆ ಜಾಗವನ್ನೋ ಒಂದು ಕೊಟ್ಟಿಗೆಯನ್ನೋ ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಡಿರಿ. ಹೆಣ್ಣುಮಕ್ಕಳು ಈಗ ಕೃಷಿ ಕಾಲೇಜುಗಳಲ್ಲಿ ಬಹು ಸಂಖ್ಯೆಯಲ್ಲಿ ಓದುತ್ತಿರುವರು. ಉಪ್ಪಿನಕಾಯಿ, ಹಪ್ಪಳ, ಜೇನು ಇವುಗಳ ಮರ್ಮವು ಮನೆಯ ಹೆಂಗಸರಲ್ಲಿಯೇ ಇರುವಾಗ ಅವರನ್ನು ಈ ಮಾತಿನಿಂದ ಹೊರಗಿಡುವುದು ನಮಗೇ ನಷ್ಟ.

೩. ಕಳೆದುಕೊಳ್ಳಬಹುದಾದ ಹಣವೆಷ್ಟೆಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಡಿರಿ. ಆ ಮೊತ್ತವು ಮುಗಿದರೆ ಕೆಲಸವನ್ನು ನಿಲ್ಲಿಸತಕ್ಕದ್ದು; ಮುಗಿಯುವವರೆಗೆ ನೀವು ಅಡ್ಡಮಾತು ಆಡತಕ್ಕದ್ದಲ್ಲ. ಯಾವ ಕಾರಣಕ್ಕೂ ಮೊದಲನೆಯ ವರ್ಷದಲ್ಲಿ ತೋಟವನ್ನು ಅಡವಿಡಬೇಡಿರಿ.

೪. ಕಸುಬಿಗೆ ಪ್ರತ್ಯೇಕವಾದ ಕಿರ್ದಿಯಿರಲಿ. ಮನೆಯ ಹುಲ್ಲು, ಮನೆಯ ಸೌದೆ, ಮನೆಯವರ ದುಡಿಮೆ ಇವುಗಳಿಗೂ ಬೆಲೆ ಹಾಕಿ ಖರ್ಚಿನಲ್ಲಿ ಬರೆಯಬೇಕು. ಹಾಗೆ ಬರೆಯದೆ ತೋರುವ ಲಾಭವು ಬಹುಮಟ್ಟಿಗೆ ಮನೆಯ ಗಂಟನ್ನೇ ಮನೆಯವರು ತಿಂದುದಾಗಿರುವುದು. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಶಿವಪ್ಪ ನಾಯಕನು ಕಂದಾಯವನ್ನು ಗೊತ್ತುಮಾಡುವ ಮುನ್ನ, ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಹುಟ್ಟುವಳಿಯೆಷ್ಟು, ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಯಿಸಿ ಸರಾಸರಿ ತೆಗೆದನೆಂದು ಪ್ರತೀತಿಯಿದೆ. ‘ಶಿವಪ್ಪ ನಾಯಕನ ಶಿಸ್ತು’ ಎಂದು ನಾವು ಹೇಳುವುದು ಇದನ್ನೇ. ಅವನ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯದಲ್ಲಿ ಓದಿದ ವಿದ್ಯಾರ್ಥಿಯು ಹನ್ನೆರಡು ತಿಂಗಳಾದರೂ ಲೆಕ್ಕವನ್ನು ಬರೆಯಲಿ.

೫. ವರ್ಷಾಂತ್ಯದಲ್ಲಿ ಆ ಕಿರ್ದಿಯನ್ನು ತಂದೆಯೂ ಮಗನೂ ಒಟ್ಟಿಗೆ ಕುಳಿತು ಓದಿರಿ. ಮುಂದುವರಿಯಬೇಕೋ ನಿಲ್ಲಿಸಬೇಕೋ ಎಂಬುದನ್ನು ಅದೇ ಹೇಳುವುದು. ನಿಲ್ಲಿಸಿದರೆ ಅದನ್ನು ಅಪಮಾನವೆಂದು ಎಣಿಸಬೇಡಿರಿ; ಮದುವೆ ಮುಂಜಿಗಳಲ್ಲಿ ನಾಲ್ಕು ಜನರ ಮುಂದೆ ಆಡಿಕೊಳ್ಳಬೇಡಿರಿ.

೬. ಊರಿನ ಸಮಾರಂಭಗಳಿಗೂ ಸಹಕಾರ ಸಂಘದ ಸಭೆಗಳಿಗೂ ಬೇಕಾದ ತಟ್ಟೆ, ಉಪ್ಪಿನಕಾಯಿ, ಜೇನುತುಪ್ಪಗಳನ್ನು ಊರಿನ ತರುಣರಿಂದಲೇ ಕೊಳ್ಳುವ ಪದ್ಧತಿಯನ್ನು ಮುಖಂಡರು ಆರಂಭಿಸಬಹುದು. ಧಾರಣೆಯಲ್ಲಿ ರಿಯಾಯಿತಿ ಕೇಳದೆ, ಮಾಲು ಕೆಟ್ಟದಾಗಿದ್ದರೆ ಮುಲಾಜಿಲ್ಲದೆ ಹಿಂದಿರುಗಿಸಬೇಕು. ಹೊಸಬನಿಗೆ ಇವೆರಡೂ ಉಪಕಾರವೇ.

೭. ದೊರೆಯುವ ಸಹಾಯ

ಮೊದಲನೆಯ ವರ್ಷದ ಪ್ರಯೋಗವು ಗೆದ್ದು, ಕೆಲಸವನ್ನು ವಿಸ್ತರಿಸಬೇಕೆಂದು ತೋರಿದ ಮೇಲೆ ಹೊರಗಿನ ಸಹಾಯವನ್ನು ಹುಡುಕುವುದು ಯುಕ್ತವಾದ ಕ್ರಮ. ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಎರಡು ಬ್ಯಾಂಕುಗಳ ನೆರವಿನೊಡನೆ ೧೯೮೨ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ತರುಣರಿಗೆ ಸ್ವ-ಉದ್ಯೋಗದ ತರಬೇತಿಯನ್ನು ಕೊಡುವ ಮಾರ್ಗವನ್ನು ದೇಶಕ್ಕೇ ತೋರಿಸಿಕೊಟ್ಟಿತು. ವ್ಯವಸಾಯ ಪದವೀಧರರಿಗಾಗಿಯೇ ೨೦೦೨ರಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯಾಪಾರ ಕೇಂದ್ರಗಳ ಯೋಜನೆಯಲ್ಲಿ ೪೫ ದಿನಗಳ ಉಚಿತ ತರಬೇತಿಯನ್ನೂ, ಬ್ಯಾಂಕಿನ ಸಾಲಕ್ಕೆ ಸೇರಿದಂತೆ ಶೇಕಡಾ ೩೬ರ, ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಶೇಕಡಾ ೪೪ರ ಸಹಾಯಧನವನ್ನೂ ಗೊತ್ತುಮಾಡಿರುವರು. ಕಿರು ಆಹಾರ ಸಂಸ್ಕರಣೆಯ ಉದ್ಯಮಗಳಿಗಾಗಿ ೨೦೨೦ರಲ್ಲಿ ಹೊರಟ ಪ್ರಧಾನಮಂತ್ರಿಗಳ ಯೋಜನೆಯಲ್ಲಿ ಕೇಂದ್ರದ ನಿಯಮದಂತೆ ಶೇಕಡಾ ೩೫ರ, ಗರಿಷ್ಠ ಹತ್ತು ಲಕ್ಷ ರೂಪಾಯಿಗಳ ಸಹಾಯಧನವಿರುವುದು. ಇಂಥ ಯೋಜನೆಗಳ ಅವಧಿಯೂ ನಿಯಮಗಳೂ ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ಮುನ್ನ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ ವಿಚಾರಿಸಿಕೊಳ್ಳತಕ್ಕದ್ದು. ಸಹಾಯಧನವಿದೆಯೆಂಬ ಒಂದೇ ಕಾರಣದಿಂದ ಯಂತ್ರವನ್ನು ಕೊಳ್ಳುವುದು ಮಾತ್ರ ಸರ್ವಥಾ ಕೂಡದು.

ಮೇಲೆ ಹೇಳಿದುದರ ಸಾರಾಂಶವಿಷ್ಟು. ವಿಶ್ವವಿದ್ಯಾನಿಲಯದ ಉದ್ಯಮ ಶಿಕ್ಷಣವು ಇಲ್ಲದ ಇಚ್ಛೆಯನ್ನು ಬಹುಮಂದಿಯಲ್ಲಿ ಹುಟ್ಟಿಸಲಾರದು. ಇರುವ ಇಚ್ಛೆಯನ್ನು ಪರೀಕ್ಷಿಸಿ, ಗಟ್ಟಿಯಾದುದನ್ನು ಬೇರ್ಪಡಿಸಿಕೊಡುವುದು. ಆ ಗಟ್ಟಿಯಾದ ಇಚ್ಛೆಯನ್ನು ಹೊತ್ತು ಮನೆಗೆ ಬರುವ ಮಕ್ಕಳು ನೂರಕ್ಕೆ ಕೆಲವರು ಮಾತ್ರ. ಅವರನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ಹಿರಿಯರಾದ ನಿಮ್ಮ ಕೈಯಲ್ಲಿದೆ. ಮುಂದಿನ ಸಾರಿ ವಿದ್ಯಾರ್ಥಿಗಳ ತಂಡವು ನಿಮ್ಮ ಗ್ರಾಮಕ್ಕೆ ಬರುವ ಸುದ್ದಿ ತಿಳಿದಾಗ, ಪಂಚಾಯಿತಿಯ ಮುಖಂಡರು ಊರಿನ ಭೂಮಾಲೀಕರನ್ನು ಒಂದು ದಿನ ಸೇರಿಸಿ, ಯಾರ ಮನೆಯ ಲೆಕ್ಕದ ಪುಸ್ತಕವನ್ನು ಅವರಿಗೆ ತೋರಿಸಬೇಕು, ಯಾರ ಕೊಟ್ಟಿಗೆ ಖಾಲಿಯಿದೆ, ಊರಿನ ಯಾವ ಹುಡುಗ ಹುಡುಗಿಯರು ಆ ತಂಡದವರೊಡನೆ ಮಾತನಾಡಬೇಕು ಎಂಬುದನ್ನು ಗೊತ್ತುಮಾಡಿಟ್ಟುಕೊಂಡರೆ ಆರಂಭಕ್ಕೆ ಅಷ್ಟೇ ಸಾಕು. ಹಾಗೆ ಸಭೆ ಸೇರಿಸುವ ಗ್ರಾಮಗಳಿಗೆ ಇಲಾಖೆಯ ನೌಕರರು ಬಂದು ತಕ್ಕ ಸಲಹೆಯನ್ನು ಕೊಡಲು ಸಿದ್ಧರಾಗಿರುವರು.